ಕಿವಿಯಿಂದ ಪಡಸಾಲಿಗೆ, ಪಡಸಾಲಿಯಿಂದ ಮತ್ತ ಕಿವಿಗೆ

ಹೆಡ್‌ಫೋನ್ ಮೊದಲು ಬಂತೋ, ಸ್ಪೀಕರ್ ಮೊದಲು ಬಂತೋ ಅಂತ ಕೇಳಿದ್ರ ನಮ್ಮೊಳಗ ಹತ್ತಕ್ಕ ಒಂಬತ್ತು ಮಂದಿ ಸ್ಪೀಕರ್ ಅಂತಾರ. ಯಾಕಂದ್ರ ನಾವು ಕಂಡದ್ದು ಹಂಗ. ಮೊದಲು ಪಡಸಾಲ್ಯಾಗ ರೇಡಿಯೋ, ಆಮ್ಯಾಲ ಟೇಪ್ ರೆಕಾರ್ಡರ್, ಈಗ ಹುಡುಗರ ಕಿವ್ಯಾಗ ಹುಣಸಿಬೀಜದಷ್ಟು ಬೆಳ್ಳನ್ನ ಸಾಮಾನು. ಖರೆ ಅಂದ್ರ ಕತಿ ಉಲ್ಟಾ ಅದ. ತಂತಿಯೊಳಗಿಂದ ಹಾಡು ಕೇಳೂದು ಸುರು ಆಗಿದ್ದ ಕಿವಿಗೆ ಹಚ್ಚಿಕೊಂಡು. ಪಡಸಾಲಿಗೆ ಬಂದಿದ್ದು ಆಮ್ಯಾಲ. ಈಗ ಮತ್ತ ಕಿವಿಗೆ ಹೋಗೇದ.

ಇದನ್ನ ಬರೀಲಿಕ್ಕೆ ಕಾರಣ ನೀವ. ಹೋದ ತಿಂಗಳು ನಮ್ಮ ನೆಗೆಣ್ಣಿ ಒಬ್ಬಾಕಿ, ಬಾಜೂ ಮನಿ ಕಾಕು ಒಬ್ರು, ಇಬ್ರೂ ಒಂದ ಪ್ರಶ್ನಿ ಕೇಳಿದ್ರು. ಹಾಡು ಕೇಳ್ಲಿಕ್ಕೆ ಹೆಡ್‌ಫೋನ್ ತಗೊಳ್ಳೂದೋ, ಸ್ಪೀಕರ್ ತಗೊಳ್ಳೂದೋ ಅಂತ. ಅಂಗಡ್ಯಾಂವ ರೊಕ್ಕದ ಲೆಕ್ಕ ಹೇಳ್ತಾನ. ನಾನು ಹಿಂದಿನ ಕತಿ ಹೇಳ್ತೀನಿ. ಯಾಕಂದ್ರ ಈ ಕತಿಯೊಳಗ ಹೆಣಮಕ್ಕಳ ಪಾಲು ಭಾಳ ಅದ, ಯಾರೂ ಅದನ್ನ ತಗದು ಹೇಳೂದಿಲ್ಲ.

ಪ್ಯಾರಿಸ್ ಊರಾಗ 1881ರೊಳಗ ವಿದ್ಯುತ್ತಿನ ದೊಡ್ಡ ಪ್ರದರ್ಶನ ಆತು. ಕ್ಲೆಮೆಂಟ್ ಅಡೇರ್ ಅನ್ನಾಂವ ಅಲ್ಲಿಯ ಒಪೆರಾ ನಾಟಕಶಾಲಿಯ ರಂಗದ ಮುಂದ ಟೆಲಿಫೋನಿನ ಮೈಕ್ ಸಾಲಾಗಿ ಇಟ್ಟು, ಅದರ ತಂತಿ ಪ್ರದರ್ಶನದ ಕೋಣಿಗೆ ಎಳದಾ. ಮಂದಿ ಪಾಳಿ ಹಚ್ಚಿ ನಿಂತು, ಎರಡೂ ಕಿವಿಗೆ ಒಂದೊಂದು ಟೆಲಿಫೋನ್ ಒತ್ತಿ ಹಿಡ್ಕೊಂಡು ಹಾಡು ಕೇಳಿದ್ರು. ಎಡಗಿವಿಗೆ ಒಂದು ಮೈಕಿನಿಂದ, ಬಲಗಿವಿಗೆ ಇನ್ನೊಂದರಿಂದ ಬರೂ ಹಂಗ ಮಾಡಿದ್ದಕ್ಕ ಹಾಡಾವರು ರಂಗದ ಮ್ಯಾಲ ಈ ಕಡಿಂದ ಆ ಕಡಿಗೆ ಹೋದದ್ದು ಸೈತ ತಿಳೀತಿತ್ತು. ಸ್ಟೀರಿಯೋ ಅಂತೀವಲ್ಲ, ಆ ಹೆಸರು ಹುಟ್ಟೂಕಿಂತ ಮೊದಲ ಅದು ಇತ್ತು! ಮುಂದ 1890ರಾಗ ಇದರದ ಒಂದು ಕಂಪನಿ ಆಗಿ, ಹೋಟೆಲಿನ್ಯಾಗ ನಾಣ್ಯ ಹಾಕಿದ್ರ ಐದು ಮಿನಿಟು ಹಾಡು ಕೇಳಿಸೂ ಪೆಟ್ಟಿಗಿ ಇಟ್ರು. ಲಂಡನ್ನಿನೊಳಗ 1895ರಾಗ ಇಂಥಾದ್ದ ಎಲೆಕ್ಟ್ರೋಫೋನ್ ಬಂತು. ಅಲ್ಲಿಯ ಸಾಮಾನು ತಲಿ ಮ್ಯಾಲಿಂದ ಹಾಕ್ಕೊಳ್ಳೂ ಹಂಗಿರಲಿಲ್ಲ. ಡಾಕ್ಟರ ಕೊರಳಾಗಿನ ಸ್ಟೆತಸ್ಕೋಪಿನ ಹಂಗ ಗದ್ದದ ಕೆಳಗಿಂದ ಹಿಡ್ಕೊಂಡು ಕಿವಿಗೆ ಹಚ್ಚಬೇಕು. ಆ ಕಾಲದ ಹೆಣಮಕ್ಕಳ ಎತ್ತರದ ತುರುಬು ಕೆಡಬಾರದಲ್ಲ!

ಇವರೆಲ್ಲ ಶ್ರೀಮಂತರು. ಆದ್ರ ದಿನಾ ತಲಿಗೆ ಹಾಕ್ಕೊಂಡು ದುಡದವರು ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗೇರು. ಅಮೇರಿಕಾದ ಬಾಸ್ಟನ್ನಿನ್ಯಾಗ 1878ರಾಗ ಎಮ್ಮಾ ನಟ್ ಅನ್ನಾಕಿ ಮೊದಲ ಹೆಣ್ಣು ಆಪರೇಟರ್ ಆಗಿ ಸೇರಿದ್ಲು. ಅದಕ್ಕೂ ಮೊದಲು ಇದ್ದ ಹುಡುಗರು ಗಿರಾಕಿಗಳ ಜೋಡಿ ಬಾಯಿ ಮಾಡ್ತಿದ್ರಂತ ತಗದು, ಹೆಣಮಕ್ಕಳನ್ನ ತಗೊಂಡ್ರು. ಎರಡೂ ಕೈಯಿಂದ ತಂತಿ ಚುಚ್ಚಬೇಕು, ಹಂಗಾಗಿ ಕೇಳೂ ಸಾಮಾನು ಮೈಮ್ಯಾಲ ನಿಲ್ಲಬೇಕು. 1880ರ ದಶಕದಾಗ ಎಜ್ರಾ ಗಿಲಿಲ್ಯಾಂಡ್ ಅನ್ನಾಂವ ಹೆಗಲ ಮ್ಯಾಲ ನೊಗದ ಹಂಗ ಹೊರೂವಂಥಾದ್ದು ಒಂದು ಮಾಡಿದಾ, ಒಂದ ಕಿವಿಗೆ ಕೇಳೂದು, ಬಾಯಿ ಮುಂದ ಮಾತಾಡೂದು, ತೂಕ ಹಲವು ಪೌಂಡು. ಅಂದ್ರ ಹೆಡ್‌ಫೋನು ಹೆಣಮಕ್ಕಳ ತಲಿ ಏರಿದ್ದು ಹಾಡಿನ ಸಲುವಾಗಿ ಅಲ್ಲ, ಕೆಲಸದ ಸಲುವಾಗಿ. ಕಾಲ್ ಸೆಂಟರಿನ್ಯಾಗ ಕೆಲಸ ಮಾಡೂ ನಮ್ಮ ನಾದಿನಿ ಮಗಳಿಗೆ ಇದನ್ನ ಹೇಳಿದ್ರ, "ಅತ್ತಿ, ಇನ್ನೂ ಹಂಗ ಅದ" ಅಂದ್ಲು.

ಈಗ ನಾವು ನೋಡೂವಂಥಾ, ತಲಿ ಮ್ಯಾಲ ಪಟ್ಟಿ, ಎರಡೂ ಕಿವಿಗೆ ಗುಂಡನ್ನ ಬಿಲ್ಲಿ ಇರೂ ಹೆಡ್‌ಫೋನ್ ಮಾಡಿದಾಂವ ನಥಾನಿಯೆಲ್ ಬಾಲ್ಡ್ವಿನ್. ಅಮೇರಿಕಾದ ಯೂಟಾ ಪ್ರಾಂತದಾಂವ. ಚರ್ಚಿನ ದೊಡ್ಡ ಸಭಾಗೃಹದೊಳಗ ಹಿಂದ ಕೂತವರಿಗೆ ಉಪದೇಶ ಕೇಳಸೂದಿಲ್ಲ ಅಂತ ಚಿಂತಿ ಮಾಡ್ಕೋತ ಈ ಕೆಲಸಕ್ಕ ಕೈ ಹಾಕಿದಾಂವ. 1910ರ ಸುಮಾರಿಗೆ ಅಂವ ಅಮೇರಿಕಾದ ನೌಕಾಪಡೆಗೆ ಮಾದರಿ ಕಳಿಸಿದಾ. ಅವರು ಪರೀಕ್ಷಾ ಮಾಡಿ, ಭಾಳ ಛಲೋ ಅದ, ನೂರು ಕಳಸು ಅಂದ್ರ, ಒಮ್ಮಿಗೆ ಹತ್ತ ಮಾಡ್ಲಿಕ್ಕೆ ಆಗ್ತದ ಅಂದಾ. ಯಾಕ ಅಂತೀರಿ? ಅಂವ ಮಾಡ್ತಿದ್ದದ್ದ ಅಡಿಗಿಮನ್ಯಾಗ! ಆ ಮನಿ ಯಜಮಾನಿ ಆ ದಿವಸ ಬುತ್ತಿ ಎಲ್ಲಿ ಕಟ್ಟಿದ್ಲೋ, ಇತಿಹಾಸದ ಪುಸ್ತಕದಾಗ ಯಾರೂ ಬರದಿಲ್ಲ.

1920ರ ಸುಮಾರಿಗೆ ರೇಡಿಯೋ ಬಂತು. ಆಗಿನ ಸಣ್ಣ ಕ್ರಿಸ್ಟಲ್ ರೇಡಿಯೋಕ್ಕ ಬ್ಯಾಟರಿ ಇಲ್ಲ, ಕರೆಂಟಿಲ್ಲ. ಗಾಳ್ಯಾಗ ಬಂದಷ್ಟ ಶಕ್ತಿಯಿಂದ ನಡೀಬೇಕು. ಹಂಗಾಗಿ ಸಪ್ಪಳ ಹೆಡ್‌ಫೋನಿನೊಳಗ ಅಷ್ಟ ಕೇಳ್ತಿತ್ತು. ಮನ್ಯಾಗ ಒಬ್ರು ಹಾಕ್ಕೊಂಡು ಕೂತ್ರ ಉಳದವರು ಅವರ ಮಾರಿ ನೋಡ್ಕೋತ ಕೂಡೂದು. "ಏನಂತಾರ, ಏನಂತಾರ" ಅಂತ ಕೇಳೂದು. ಅವರು ಕೈಮಾಡಿ ಸುಮ್ಕಿರು ಅನ್ನೂದು. ಆಮ್ಯಾಲ ಮಂದಿ ಒಂದು ಉಪಾಯ ಹುಡುಕಿದ್ರು. ಹೆಡ್‌ಫೋನನ್ನ ಒಂದು ದೊಡ್ಡ ಪಿಂಗಾಣಿ ಬಟ್ಟಲದಾಗ ಇಡೂದು, ಎಲ್ಲಾರೂ ಟೇಬಲ್ಲಿನ ಸುತ್ತ ಕೂಡೂದು. ಬಟ್ಟಲ ಸಪ್ಪಳಾನ ಕೂಡಿಸಿ ಮ್ಯಾಲ ಕಳಸ್ತಿತ್ತು. ನಾವು ಈಗ ಮೊಬೈಲನ್ನ ಸ್ಟೀಲ್ ಡಬರ್ಯಾಗ ಇಟ್ಟು ಹಾಡು ಹಚ್ಚತೀವಲ್ಲ, ಅದ ಉಪಾಯ, ನೂರು ವರ್ಷದ ಹಿಂದಿಂದು.

ಸ್ಪೀಕರ್ ಹುಟ್ಟಿದ್ದೂ ಹೆಚ್ಚು ಕಡಿಮಿ ಹಿಂಗ. ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡ್ಹಾಮ್ ಅನ್ನೂ ಇಬ್ರು ಕ್ಯಾಲಿಫೋರ್ನಿಯಾದ ನಾಪಾ ಊರಾಗ ಒಂದು ಸಣ್ಣ ಮನ್ಯಾಗ ಕೂತು, ಛಲೋ ಟೆಲಿಫೋನ್ ಮಾಡ್ಬೇಕಂತ ಸುರು ಮಾಡಿದವರು. ತಾವು ಮಾಡಿದ್ದಕ್ಕ ಗ್ರಾಮಫೋನಿನ ಕಹಳಿ ಹಚ್ಚಿ ನೋಡಿದ್ರ ಓಣಿಗೆಲ್ಲಾ ಕೇಳೂ ಹಂಗ ಸಪ್ಪಳ ಬಂತು. ಅದಕ್ಕ ಮ್ಯಾಗ್ನಾವಾಕ್ಸ್ ಅಂತ ಹೆಸರಿಟ್ರು, ಲ್ಯಾಟಿನ್ ಭಾಷಾದಾಗ ದೊಡ್ಡ ದನಿ ಅಂತ ಅರ್ಥ. 1915ರ ಕ್ರಿಸ್‌ಮಸ್ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೋದಾಗ ದೊಡ್ಡ ಗದ್ದಲದ ನಡುವ ಹಾಡು, ಭಾಷಣ ಕೇಳಿಸಿದ್ರು. ಆದ್ರ ಕಹಳಿ ಸಪ್ಪಳ ಅಂದ್ರ ಮೂಗಿನಾಗ ಮಾತಾಡಿದಂಗ. 1925ರಾಗ ಚೆಸ್ಟರ್ ರೈಸ್, ಎಡ್ವರ್ಡ್ ಕೆಲ್ಲಾಗ್ ಅನ್ನೂ ಎಂಜಿನಿಯರುಗಳು ಕಾಗದದ ಕೋನು, ಅದರ ಹಿಂದ ತಂತಿ ಸುರುಳಿ, ಅಯಸ್ಕಾಂತ ಇರೂ ಸ್ಪೀಕರ್ ಮಾಡಿ ತೋರಿಸಿದ ಮ್ಯಾಲ ದನಿ ದನಿಯಂಗ ಕೇಳ್ಲಿಕ್ಕೆ ಹತ್ತು. ಇವತ್ತಿನ ತನಕಾ ಮನ್ಯಾಗಿನ ಹೆಚ್ಚು ಕಡಿಮಿ ಎಲ್ಲಾ ಸ್ಪೀಕರಿನ ಹೊಟ್ಟ್ಯಾಗ ಇರೂದು ಅದ. ಹೆಡ್‌ಫೋನಿನೊಳಗ ಇರೂದೂ ಬಹಳಷ್ಟು ಕಡಿ ಅದರ ಸಣ್ಣ ತಂಗಿ.

ಇನ್ನ ನಮ್ಮ ಕಡಿಗೆ ಬರೋಣು. ನಮ್ಮ ಧಾರವಾಡ-ಹುಬ್ಬಳ್ಳಿ ಕಡೆ ಹೆಡ್‌ಫೋನಿನ ಆ ಮೊದಲಿನ ಕತಿ ಯಾರಿಗೂ ನೆನಪಿಲ್ಲ. ಇಲ್ಲೆ ಬಂದದ್ದ ಕಹಳಿ ಗ್ರಾಮಫೋನು. ಅದಕ್ಕ ಕರೆಂಟ್ ಬೇಕಾಗಿರಲಿಲ್ಲ, ಕೀಲಿ ಕೊಟ್ಟ್ರ ಆತು. ಭಾರತದೊಳಗ ರೆಕಾರ್ಡ್ ಮಾಡ್ಕೊಳ್ಳೂದು 1902ರಾಗ ಕಲಕತ್ತಾದಾಗ ಗೌಹರ್ ಜಾನ್ ಅವರು ಹಾಡಿದ್ದರಿಂದ ಹೆಸರಾತು. ನಮ್ಮ ಊರುಗಳ ಮನಿ ಮನ್ಯಾಗ ಗ್ರಾಮಫೋನ್ ಎಲ್ಲಿರಬೇಕು? ಅಂಗಡ್ಯಾಗ ಇರ್ತಿತ್ತು, ಗಿರಾಕಿ ಬರ್ಲಿ ಅಂತ ಹಚ್ಚತಿದ್ರು. ಗಂಗೂಬಾಯಿ ಹಾನಗಲ್ ಅವರು ಸಣ್ಣಾಕಿ ಇದ್ದಾಗ ಗ್ರಾಮಫೋನಿನ ಸಪ್ಪಳ ಕೇಳಿದ್ರ ಓಡಿ ಹೋಗಿ ನಿಂದರ್ತಿದ್ದರಂತ ಅವರ ಹೇಳ್ಯಾರ. ರೋಣದ ಭೀಮಸೇನ ಜೋಶಿ ಅವರು ಹುಡುಗ ಇದ್ದಾಗ ಅಬ್ದುಲ್ ಕರೀಂ ಖಾನರ ಠುಮ್ರಿ ರೆಕಾರ್ಡ್ ಕೇಳಿ ಹುಚ್ಚು ಹಿಡಿಸಿಕೊಂಡು, 1933ರಾಗ ಹನ್ನೊಂದರ ವಯಸ್ಸಿಗೆ ಗುರು ಹುಡುಕ್ಕೋತ ಮನಿ ಬಿಟ್ಟದ್ದು ಎಲ್ಲಾರಿಗೂ ಗೊತ್ತಿದ್ದ ಕತಿ.

ಒಂದು ಕ್ಷಣ ವಿಚಾರ ಮಾಡ್ರಿ. ಆ ಕಾಲದಾಗ ನಮ್ಮ ಕಡೆ ರೆಕಾರ್ಡ್ ಅಂದ್ರ ಕಿವಿಗೆ ಹಚ್ಚಿ ಕೇಳೂವಂಥಾದ್ದ ಆಗಿದ್ರ? ರೊಕ್ಕ ಕೊಟ್ಟಾಂವ ಒಬ್ಬನ ಕೇಳ್ತಿದ್ದಾ. ಓಣ್ಯಾಗ ನಿಂತ ಹುಡುಗಿಗೆ ಏನೂ ದಕ್ಕತಿರಲಿಲ್ಲ. ಕಹಳಿಯಿಂದ ಬಂದ ಸಪ್ಪಳದ ಮ್ಯಾಲ ಯಾರ ಹೆಸರೂ ಬರದಿರೂದಿಲ್ಲ. ಅದು ಯಾವ ಜಾತಿ, ಯಾವ ಮನಿ, ಗಂಡೋ ಹೆಣ್ಣೋ ಕೇಳೂದಿಲ್ಲ. ಹಾಡು ಕಲೀಲಿಕ್ಕೆ ಹೆಣಮಕ್ಕಳಿಗೆ, ಅದರಾಗೂ ಗಂಗೂಬಾಯಿಯವರಂಥಾ ಮನಿತನದವರಿಗೆ ಎಷ್ಟು ಅಡ್ಡಿ ಇದ್ವು ಅಂತ ಅವರ ಚರಿತ್ರಾ ಓದಿದವರಿಗೆ ಗೊತ್ತದ. ಪುಕ್ಕಟೆ ಕಿವಿಗೆ ಬಿದ್ದ ಹಾಡಿಗೆ ಮಾತ್ರ ಯಾರೂ ಅಡ್ಡಗಟ್ಟಲಿಲ್ಲ. 1930ರ ದಶಕದಾಗ ಅವರ ರೆಕಾರ್ಡ್ ಹೊರಗ ಬಂದ್ವು, ಗಾಂಧಾರಿ ಹಾನಗಲ್ ಅನ್ನೂ ಹೆಸರಿನ್ಯಾಗ. ಮತ್ತ ಯಾವ ಯಾವ ಓಣ್ಯಾಗ ಯಾವ ಯಾವ ಹುಡುಗೇರು ನಿಂತು ಕೇಳಿದ್ರೋ.

ಮೈಸೂರಾಗ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು 1935ರಾಗ ತಮ್ಮ ಮನ್ಯಾಗ ರೇಡಿಯೋ ಸ್ಟೇಷನ್ ಸುರು ಮಾಡಿದ್ರು, ಆಕಾಶವಾಣಿ ಅನ್ನೂ ಹೆಸರು ಅಲ್ಲಿಂದ್ದ. ನಮ್ಮ ಧಾರವಾಡ ಸ್ಟೇಷನ್ 1950ರ ಜನವರಿ 8ಕ್ಕ ಸುರು ಆತು. ಮಲ್ಲಿಕಾರ್ಜುನ ಮನ್ಸೂರರು ಅಲ್ಲೆ ಸಂಗೀತದ ಸಲಹೆಗಾರರಾಗಿ ಇದ್ದವರು. ಆಗ ರೇಡಿಯೋ ಇಟ್ಟುಕೊಳ್ಳಲಿಕ್ಕೆ ಲೈಸೆನ್ಸ್ ಬೇಕು, ವರ್ಷಾ ಪೋಸ್ಟಿನ್ಯಾಗ ರೊಕ್ಕ ತುಂಬಬೇಕು. ಲೈಸೆನ್ಸ್ ಯಜಮಾನರ ಹೆಸರಿಗೆ, ರೇಡಿಯೋ ಯಜಮಾನರ ಕುರ್ಚಿ ಬಾಜೂ, ತಿರುವೂ ಗುಂಡಿಯೂ ಅವರ ಕೈಯಾಗ. ಸುದ್ದಿ ಮುಗದ ಕೂಡ್ಲೆ ಟಪ್ ಅಂತ ಬಂದ್ ಮಾಡೂ ಮಾವಂದಿರು ಎಷ್ಟು ಮಂದಿ ಇದ್ರೋ!

ನಮ್ಮ ಅತ್ತಿಯವರು ರೇಡಿಯೋ ಮುಟ್ಟಿದ್ದ ನಾ ನೋಡಿಲ್ಲ. ಆದ್ರ ವಚನ, ದಾಸರ ಪದ, ನಾಟ್ಯಗೀತ, ಅವರಿಗೆ ಬರದಿದ್ದಿಲ್ಲ. ಭಕ್ರಿ ಬಡಕೋತ, ತಾಳ ತಪ್ಪದಂಗ ಹಾಡ್ತಿದ್ರು. "ಎಲ್ಲೆ ಕಲತ್ರಿ?" ಅಂದ್ರ, "ಇಲ್ಲೆ, ಒಲಿ ಮುಂದ" ಅಂತಿದ್ರು. ಪಡಸಾಲ್ಯಾಗ ಮಾವನವರಿಗಂತ ಹಚ್ಚಿದ ಹಾಡು ನಡುಮನಿ ದಾಟಿ ಅಡಿಗಿಮನಿಗೆ ಬರ್ತಿತ್ತಲ್ಲ, ಅದ ಅವರ ಸಂಗೀತ ಶಾಲಿ. ನಮ್ಮ ಎಷ್ಟೋ ಅವ್ವಂದಿರು, ಆಯಿಗಳು ಕಲತದ್ದು ಹಿಂಗ, ಇನ್ನೊಬ್ಬರ ಸಲುವಾಗಿ ಹಚ್ಚಿದ್ದನ್ನ ಕೇಳಿ.

ಹಂಗಂತ ಸ್ಪೀಕರನ್ನ ಭಾಳ ಹೊಗಳ್ಲಿಕ್ಕೂ ಬರೂದಿಲ್ಲ. ಅದ ಕಹಳಿ ಗುಡಿ ಮ್ಯಾಲ, ಪೆಂಡಾಲಿನ ಮ್ಯಾಲ ಏರಿತು. ಸ್ವಾತಂತ್ರ್ಯ ಚಳವಳಿಯ ಸಭೆಗಳಾಗ ಅದರಿಂದ ಉಪಕಾರನ ಆತು. ಗಾಂಧೀಜಿ, ನೆಹರು ಅವರ ಹಳೇ ಫೋಟೋದಾಗ ಮೈಕಿನ ಮ್ಯಾಲ 'ಶಿಕಾಗೋ ರೇಡಿಯೋ' ಅಂತ ಬರದಿರ್ತದ, ಅದು ನಮ್ಮ ದೇಶದ ಮೋಟ್ವಾನಿ ಮನಿತನದವರ ಕಂಪನಿ. ಸಭಾದಾಗ ಹಿಂದ ಕೂಸು ಎತ್ತಿಕೊಂಡು ನಿಂತ ಹೆಣಮಗಳಿಗೂ ಭಾಷಣ ಕೇಳ್ತು. ಆದ್ರ ನಮ್ಮ ಓಣ್ಯಾಗ ಒಂದು ವರ್ಷ ಮಗಳ ಹತ್ತನೇತ್ತಾ ಪರೀಕ್ಷಾ ನಡದಾಗ ರಾತ್ರಿ ಹನ್ನೆರಡರ ತನಕಾ ಪೆಂಡಾಲಿನ ಹಾಡು ಕೇಳಿ ನಾವು ಕಿಡಕಿಗೆ ಹಾಸಿಗಿ ಹಚ್ಚಿ ಕೂತದ್ದು ನನಗ ಇನ್ನೂ ನೆನಪದ. 2000ದ ಇಸವಿಯ ಕಾಯ್ದೆ ಪ್ರಕಾರ ರಾತ್ರಿ 10ರಿಂದ ಮುಂಜಾನೆ 6ರ ತನಕಾ ಹೊರಗ ಧ್ವನಿವರ್ಧಕ ಹಚ್ಚೂ ಹಂಗಿಲ್ಲ, ಸರ್ಕಾರ ವರ್ಷದಾಗ ಕೆಲವು ದಿನ ಅಷ್ಟ ಮಧ್ಯರಾತ್ರಿ ತನಕಾ ಸಡಲು ಬಿಡಬಹುದು. ಕಾಯ್ದೆ ಅದ, ಓದಾವರು ಬೇಕಲ್ಲ. ಯಾರ ಹೆಸರೂ ಬರದಿರದ ಸಪ್ಪಳ ಅಂತ ಮ್ಯಾಲ ಹೊಗಳಿದೆ. ಅದನ್ನ ಬ್ಯಾಡ ಅನ್ಲಿಕ್ಕೂ ಯಾರ ಮನಿ ಬಾಗಲಾ ಬಡೀಬೇಕೋ ತಿಳೀದು.

ಇಂಥಾದ್ರಾಗ ಹೆಡ್‌ಫೋನ್ ತಿರುಗಿ ಬಂತು. 1958ರಾಗ ಅಮೇರಿಕಾದ ಮಿಲ್ವಾಕಿ ಊರಿನ ಜಾನ್ ಕಾಸ್ ಹಾಡು ಕೇಳ್ಲಿಕ್ಕಂತನ ಸ್ಟೀರಿಯೋ ಹೆಡ್‌ಫೋನ್ ಮಾಡಿ ಮಾರಿದಾ. ಆದ್ರ ಮನಿ ಮನಿಗೆ ತಂದದ್ದು ಸೋನಿಯವರ ವಾಕ್‌ಮನ್, 1979ರ ಜುಲೈ 1ಕ್ಕ ಜಪಾನಿನ್ಯಾಗ ಅಂಗಡಿಗೆ ಬಂತು. ಇದರ ಹಿಂದ ಒಂದು ಮನಿ ಕತಿ ಅದ, ಅದಕ್ಕ ಹೇಳ್ತೀನಿ. ಕಂಪನಿಯ ಯಜಮಾನ ಅಕಿಯೋ ಮೊರಿಟಾ ಹೊಸಾ ಸಾಮಾನನ್ನ ಮನಿಗೆ ತಂದು ಹಾಕ್ಕೊಂಡು ಕೂತ. ಹೆಂಡತಿಗೆ ಸಿಟ್ಟು ಬಂತು. ಬಾಜೂ ಕೂತ್ರೂ ತನ್ನನ್ನ ಹೊರಗಿಟ್ಟಂಗ ಆತು ಅಂತ ಆಕಿಗೆ ಅನಿಸಿತು. ಮೊರಿಟಾ ತನ್ನ ಆತ್ಮಕಥಿಯೊಳಗ ಇದನ್ನ ತಾನ ಬರದಾನ. ಒಬ್ಬಾಂವ ಹಿಂಗ ಕೂಡೂದು ಅಸಭ್ಯ ಅನಸ್ತದ ಅಂತ ಹೇಳಿ, ಮೊದಲಿನ ವಾಕ್‌ಮನ್ನಿಗೆ ಎರಡು ಹೆಡ್‌ಫೋನ್ ಹಚ್ಚಲಿಕ್ಕೆ ಎರಡು ತೂತು ಇಡಿಸಿದಾ. ಒಂದು ಕೇಸರಿ ಬಣ್ಣದ ಗುಂಡಿಯೂ ಇತ್ತು, ಅದನ್ನ ಒತ್ತಿದ್ರ ಹಾಡು ಸಣ್ಣಾಗಿ, ಇಬ್ರೂ ಹೆಡ್‌ಫೋನ್ ತಗೀಲಾರದ ಮಾತಾಡಬಹುದಿತ್ತು. ಮುಂದ ಏನಾತು? ಮಂದಿ ಹಂಚಿಕೊಳ್ಳಲೇ ಇಲ್ಲ. ನಂದು ನನಗ, ನಿಂದು ನಿನಗ ಅಂತ ಒಬ್ಬೊಬ್ರು ಒಂದೊಂದು ತಗೊಂಡ್ರು. ನೋಡ್‌ನೋಡ್ತ ಆ ಗುಂಡಿನೂ ಹೋತು, ಎರಡನೇ ತೂತೂ ಹೋತು. ಆ ಜಪಾನಿ ಹೆಣಮಗಳ ಸಿಟ್ಟಿಗೆ ಮಾತ್ರ ಇವತ್ತೂ ಬೆಲಿ ಅದ ಅಂತೀನಿ ನಾನು. ಮನ್ಯಾಗ ನಾಕು ಮಂದಿ, ನಾಕೂ ಮಂದಿ ಕಿವ್ಯಾಗ ಬೂಚು. "ಚಹಾ ಆತು ಬರ್ರಿ" ಅಂತ ಮೂರು ಸಲ ಒದರಿ, ಕಡಿಗೆ ಹೋಗಿ ಭುಜ ಮುಟ್ಟಬೇಕು.

ಆದ್ರ ಇದರ ಇನ್ನೊಂದು ಮಗ್ಗಲು ನಮ್ಮ ಮೌಶಿ ಒಬ್ಬರಿಂದ ನನಗ ತಿಳೀತು. ಅವರ ಮನ್ಯಾಗ ಹಾಡು ಅಂದ್ರ ಯಾರಿಗೂ ಆಗ್ತಿರಲಿಲ್ಲ. ಅರವತ್ತು ದಾಟಿದ ಮ್ಯಾಲ ಮೊಮ್ಮಗ ಒಂದು ಇಯರ್‌ಫೋನ್ ಕೊಟ್ಟಾ. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಅದನ್ನ ಹಾಕ್ಕೊಂಡು ಕೂಡ್ತಾರ. "ನನಗ ಬೇಕಾದ ಹಾಡು, ಬೇಕಾದಷ್ಟು ಸಲ, ಯಾರನ್ನೂ ಕೇಳಲಾರದ ಕೇಳಿದ್ದು ಈಗ ಮೊದಲು" ಅಂದ್ರು. ಅತ್ತಿಯವರು ಒಲಿ ಮುಂದ ಕಲತ್ರು ಖರೆ, ಆದ್ರ ಒಂದು ಹಾಡೂ ತಾವ ಆರಿಸಿ ಹಚ್ಚಿದ್ದಲ್ಲ. ಈ ಎರಡೂ ಮಾತು ಒಟ್ಟಿಗೆ ಹಿಡಕೊಂಡ್ರ ಮಾತ್ರ ಈ ಹೋಲಿಕಿ ಸರಿ ಆಗ್ತದ. ಸ್ಪೀಕರ್ ಇದ್ದಲ್ಲೆ ಕೇಳೂ ಭಾಗ್ಯ ಎಲ್ಲಾರಿಗೂ, ಆರಿಸೂ ಭಾಗ್ಯ ಒಬ್ಬರಿಗೆ. ಹೆಡ್‌ಫೋನಿನ್ಯಾಗ ಆರಿಸೂದು, ಕೇಳೂದು ಎರಡೂ ನಮ್ಮದ, ಬಾಜೂ ಇದ್ದವರಿಗೆ ಏನೂ ಇಲ್ಲ.

ಸಪ್ಪಳದ ವ್ಯತ್ಯಾಸನೂ ಹೇಳಿಬಿಡ್ತೀನಿ. ಸ್ಪೀಕರಿನಿಂದ ಹಾಡು ಬಂದಾಗ ಎಡಗಡೆ ಸ್ಪೀಕರಿನ ದನಿ ಎಡಗಿವಿಗೂ ಬರ್ತದ, ಸೆಕೆಂಡಿನ ಸಾವಿರದಾಗ ಒಂದು ಪಾಲಿಗಿಂತ ಕಡಿಮಿ ತಡ ಆಗಿ ಬಲಗಿವಿಗೂ ಬರ್ತದ. ಗ್ವಾಡಿಗೆ, ಮಾಡಿಗೆ ಬಡದು ತಿರುಗಿನೂ ಬರ್ತದ. ಇದರಿಂದ ನಮ್ಮ ತಲಿಗೆ, ಹಾಡಾಂವ ಅಲ್ಲೆ ಮುಂದ ಕೂತಾನ ಅಂತ ಅನಸ್ತದ. ಡಗ್ಗಾದ ಗುಮ್ಮನ್ನೂ ಸಪ್ಪಳ ಎದಿಗೆ, ಕುರ್ಚಿಗೆ ತಾಕ್ತದ. ಹೆಡ್‌ಫೋನಿನ್ಯಾಗ ಎಡದ್ದು ಎಡಕ್ಕ, ಬಲದ್ದು ಬಲಕ್ಕ. ಹಂಗಾಗಿ ಹಾಡಾವರು ನಮ್ಮ ತಲಿಯೊಳಗ ಬಂದು ಕೂತಂಗ ಆಗ್ತದ. ಆದ್ರ ತಂಬೂರಿಯ ಝೇಂಕಾರ, ಹಾಡಾವರು ಉಸಿರು ತಗೊಳ್ಳೂದು, ಸಾರಂಗಿಯ ತಂತಿ ಮ್ಯಾಲ ಕಮಾನು ಸರದದ್ದು, ಇವನ್ನೆಲ್ಲಾ ಸ್ಪೀಕರ್ ಹಚ್ಚಿದ್ರ ಫ್ಯಾನಿನ ಸಪ್ಪಳ ನುಂಗ್ತದ, ಹೆಡ್‌ಫೋನಿನ್ಯಾಗ ಒಂದೂ ತಪ್ಪೂದಿಲ್ಲ. ಆಲಾಪ ಕೇಳ್ಲಿಕ್ಕೆ ನನ್ನ ಓಟು ಹೆಡ್‌ಫೋನಿಗೆ, ಭಜನಿಗೆ ಸ್ಪೀಕರಿಗೆ.

ಹೊರಗಿನ ಸಪ್ಪಳ ಕೊಲ್ಲೂ ಹೆಡ್‌ಫೋನ್ ಬಂದಾವ. ಬಂಗಾಲಿ ತಂದಿಯ ಮಗ, ಅಮೇರಿಕಾದ ಅಮರ್ ಬೋಸ್, 1978ರಾಗ ವಿಮಾನದೊಳಗ ಕೂತು ಅದರ ಗದ್ದಲಕ್ಕ ಬ್ಯಾಸತ್ತು ಇದರ ಲೆಕ್ಕ ಹಾಕ್ಲಿಕ್ಕೆ ಸುರು ಮಾಡಿದಾಂವ. ಹೊರಗಿನ ಸಪ್ಪಳ ಹೊಕ್ಕಾಗ ಅದಕ್ಕ ತದ್ವಿರುದ್ಧ ಸಪ್ಪಳ ಹುಟ್ಟಿಸಿ ಎರಡೂ ವಜಾ ಮಾಡೂದು ಅದರ ಕೆಲಸ. ಭಾಳ ಶ್ಯಾಣ್ಯಾತನದ್ದು. ಆದ್ರ ನಮಗ ಹೊರಗಿನ ಸಪ್ಪಳ ಅಂದ್ರ ಗದ್ದಲ ಅಲ್ಲ, ಸುದ್ದಿ. ಕುಕ್ಕರಿನ ಸೀಟಿ ಎಷ್ಟಾತು, ಹಾಲು ಉಕ್ಕೂ ಮುಂದ ಬರೂ ಸುಯ್ ಅನ್ನೂದು, ನಳ ಬಂತೇನು, ಕೂಸು ಎದ್ದತೇನು, ಬಾಗಲದಾಗ ಯಾರು, ಮಾವನವರು ಬಚ್ಚಲದಾಗ ಜಾರಿದ್ರೇನು. ಅಡಿಗಿಮನ್ಯಾಗ ಹಾಕ್ಕೊಂಡ್ರ ಒಂದ ಕಿವಿಗೆ ಹಾಕ್ಕೊಳ್ರಿ, ಇನ್ನೊಂದು ಮನಿ ಕಡಿ ಇರ್ಲಿ. ಮಿಕ್ಸರ್ ಹಚ್ಚೂ ಮುಂದ ಮಾತ್ರ ತಗದಿಡ್ರಿ. ಯಾಕಂದ್ರ ಅದರ ಸಪ್ಪಳ ಮೀರಸ್ಲಿಕ್ಕೆ ನಾವು ವಾಲ್ಯೂಮ್ ಏರಸ್ತೀವಿ, ಮಿಕ್ಸರ್ ನಿಂತ ಮ್ಯಾಲ ಇಳಸೂದು ಮರೀತೀವಿ. ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದ ಪ್ರಕಾರ 80 ಡೆಸಿಬಲ್ ಆದ್ರ ವಾರಕ್ಕ 40 ತಾಸು ಕೇಳಬಹುದು, 90 ಆದ್ರ ನಾಕ ತಾಸು. ಹತ್ತು ಡೆಸಿಬಲ್ ಏರಿದ್ರ ತಾಸು ಹತ್ತರಾಗ ಒಂದು ಪಾಲು ಆತು. ಕಿವ್ಯಾಗಿನ ಸೂಕ್ಷ್ಮ ಕೂದಲ ಒಮ್ಮೆ ಸತ್ರ ಮತ್ತ ಹುಟ್ಟೂದಿಲ್ಲ.

ಹಂಗಾದ್ರ ಯಾವುದು ತಗೊಳ್ಳೂದು? ಬಾಜೂ ಮನಿ ಕಾಕುಗ ನಾ ಸ್ಪೀಕರ್ ಅಂದೆ. ಮನ್ಯಾಗ ಇಬ್ರು ಸಣ್ಣ ಮೊಮ್ಮಕ್ಕಳದಾರ, ಅವರ ಕಿವಿಗೆ ಏನರ ಬೀಳ್ಬೇಕಂದ್ರ ಅದು ಬಯಲಾಗ ಇರ್ಬೇಕು. ದೊಡ್ಡದು ಬ್ಯಾಡ, ಒಂದು ಸಣ್ಣದು ಸಾಕು, ಆದ್ರ ಪಡಸಾಲ್ಯಾಗಲ್ಲ, ಅಡಿಗಿಮನಿ ಕಟ್ಟಿ ಮ್ಯಾಲ ಇಡ್ರಿ, ಗುಂಡಿ ನಿಮ್ಮ ಕೈಯಾಗಿರ್ಲಿ ಅಂದೆ. ನೆಗೆಣ್ಣಿಗೆ ಹೆಡ್‌ಫೋನ್ ಅಂದೆ. ಆಕಿಗೆ ರಾತ್ರಿ ಎಲ್ಲಾ ಕೆಲಸ ಮುಗದ ಮ್ಯಾಲ ಸಿಗೂದು ಒಂದ ತಾಸು, ಆ ತಾಸು ಆಕಿದಷ್ಟ ಇರ್ಲಿ.

ಗಂಗೂಬಾಯಿಯವರ ಆ ಹಳೇ ರೆಕಾರ್ಡ್ ಈಗ ಮೊಬೈಲಿನ್ಯಾಗ ಹುಡುಕಿದ್ರ ಸಿಗ್ತಾವ, ಒಂದೊಂದು ಮೂರು ಮಿನಿಟಿನ ಮ್ಯಾಲ ಥ್ವಾಡೆ. ಆಗ ಅವರ ದನಿ ಎತ್ತರದ್ದು, ತೆಳ್ಳಗ, ನಾವು ಕೇಳಿದ ಆ ಗಡಸು ದನಿ ಗಂಟಲ ಬ್ಯಾನಿ ಆದ ಮ್ಯಾಲಿಂದು. ಹೆಡ್‌ಫೋನಿನ್ಯಾಗ ಕೇಳಿದ್ರ ರೆಕಾರ್ಡಿನ ಕರಕರ ಸಪ್ಪಳನ ತಲಿಯೊಳಗ ತುಂಬ್ತದ. ಸಣ್ಣ ಸ್ಪೀಕರಿಗೆ ಹಚ್ಚಿ, ಕಟ್ಟಿ ಮ್ಯಾಲ ಇಟ್ಟು, ನಾಕು ಹೆಜ್ಜಿ ದೂರ ಕೂತು ಕಾಯಿಪಲ್ಯಾ ಹೆಚ್ಚರಿ. ಕರಕರ ಹಿಂದ ಸರದು ದನಿ ಮುಂದ ಬರ್ತದ. ಕಹಳಿ ಮುಂದ ನಿಂತು ಕೇಳೂ ಮಂದಿಗಂತ ಮಾಡಿದ್ದಲ್ಲ ಅದು.